ನಿಲ್ಲುವ ಜಾಗ, ನಿಲ್ಲಿಸಬೇಕಾದ ಜಾಗ: ಲಗ್ರಾಂಜ್ ಬಿಂದುಗಳನ್ನು ನೀವೇ ಲೆಕ್ಕ ಹಾಕುವ ಬಗೆ

2024ರ ಜನವರಿ 6ರಂದು ಭಾರತದ ಸೂರ್ಯ ವೀಕ್ಷಣಾ ನೌಕೆ ಆದಿತ್ಯ-ಎಲ್1, ಸೂರ್ಯ–ಭೂಮಿಯ ನಡುವಿನ ಎಲ್1 ಎಂಬ ಲಗ್ರಾಂಜ್ ಬಿಂದುವಿನ ಸುತ್ತಲಿನ ತನ್ನ ಕಕ್ಷೆ ಸೇರಿದ ವಾರ ನಾನು ಒಂದೇ ವಾಕ್ಯವನ್ನು ಹತ್ತಾರು ಬಾಯಿಗಳಿಂದ ಕೇಳಿದೆ: "ಅಲ್ಲಿ ಸೂರ್ಯನ ಸೆಳೆತವೂ ಭೂಮಿಯ ಸೆಳೆತವೂ ಸಮನಾಗಿರುತ್ತವೆ, ಅದಕ್ಕೇ ನೌಕೆ ಅಲ್ಲಿ ನಿಲ್ಲುತ್ತದೆ." ಈ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಎರಡನ್ನೂ ಕೈಯಾರೆ ಲೆಕ್ಕ ಮಾಡಿ ಕಳೆದುಕೊಂಡವರಿಗೆ ಈ ವಿಷಯ ಮತ್ತೆಂದೂ ಮರೆಯುವುದಿಲ್ಲ. ಆ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಲು ಈ ಲೇಖನ ಬರೆಯುತ್ತಿದ್ದೇನೆ. ಪಿಯುಸಿ ಮಟ್ಟದ ಗಣಿತ, ಒಂದು ಕ್ಯಾಲ್ಕ್ಯುಲೇಟರ್, ಎರಡು ಹಾಳೆ ಕಾಗದ ಇದ್ದರೆ ಕೊನೆಯ ಹೆಜ್ಜೆಯವರೆಗೂ ಬರಬಹುದು. ಕೊನೆಯದಕ್ಕೆ ಮಾತ್ರ ಕಂಪ್ಯೂಟರ್ ಬೇಕು.

ಮೊದಲ ತಪ್ಪನ್ನು ಇಲ್ಲೇ ಮುಗಿಸಿಬಿಡೋಣ. ಸೂರ್ಯನ ದ್ರವ್ಯರಾಶಿ ಭೂಮಿಯದಕ್ಕಿಂತ ಸುಮಾರು 3,33,000 ಪಟ್ಟು ಹೆಚ್ಚು. ಸೆಳೆತ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವುದರಿಂದ, ಎರಡೂ ಸೆಳೆತಗಳು ಸಮನಾಗುವ ಜಾಗ ಸೂರ್ಯನಿಂದ ಎಷ್ಟು ದೂರವೋ ಅದರ 577ನೇ ಒಂದು ಭಾಗದಷ್ಟು ಭೂಮಿಗೆ ಹತ್ತಿರ ಇರಬೇಕು. 577 ಎಂದರೆ 3,33,000ದ ವರ್ಗಮೂಲ. ಸುಮಾರು 15 ಕೋಟಿ ಕಿಲೋಮೀಟರನ್ನು ಹಾಗೆ ಹಂಚಿದರೆ ಸಿಗುವುದು ಭೂಮಿಯಿಂದ ಸುಮಾರು 2.6 ಲಕ್ಷ ಕಿಲೋಮೀಟರ್. ಅದು ಚಂದ್ರನ ಕಕ್ಷೆಗಿಂತಲೂ ಒಳಗೆ! ಆದಿತ್ಯ ಇರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಅಲ್ಲಿ ಸೂರ್ಯನ ಸೆಳೆತದ ಮುಂದೆ ಭೂಮಿಯ ಸೆಳೆತ ತೀರ ಸಣ್ಣದು. ಹಾಗಾದರೆ ಅಲ್ಲಿ ಸಮತೋಲನಕ್ಕೆ ಬರುವುದು ಏನು?

ಮೊದಲ ಹೆಜ್ಜೆ: ಸಮಸ್ಯೆಯನ್ನು ಕಟ್ಟಿಕೊಳ್ಳಿ

ಮೂರು ಕಾಯಗಳು ಒಂದನ್ನೊಂದು ಸೆಳೆಯುತ್ತ ಚಲಿಸುವುದನ್ನು ಒಂದೇ ಸೂತ್ರದಲ್ಲಿ ಬಿಡಿಸಲು ಆಗುವುದಿಲ್ಲ. ಆದ್ದರಿಂದ ಮೂರು ನಿರ್ಬಂಧಗಳನ್ನು ಹಾಕಿಕೊಳ್ಳುತ್ತೇವೆ. ಮೂರನೆಯ ಕಾಯ ಎಷ್ಟು ಹಗುರ ಎಂದರೆ ಉಳಿದೆರಡನ್ನು ಅದು ಅಲುಗಿಸಲಾರದು. ಆ ಎರಡು ದೊಡ್ಡ ಕಾಯಗಳು ತಮ್ಮ ಸಮಾನ ದ್ರವ್ಯರಾಶಿ ಕೇಂದ್ರದ ಸುತ್ತ ವೃತ್ತದಲ್ಲಿ ಸುತ್ತುತ್ತವೆ. ಸದ್ಯಕ್ಕೆ ಎಲ್ಲ ಚಲನೆಯೂ ಒಂದೇ ಸಮತಲದಲ್ಲಿದೆ. ಇದೇ ನಿರ್ಬಂಧಿತ ಮೂರು ಕಾಯಗಳ ಸಮಸ್ಯೆ.

ಈಗ ಅಳತೆಯ ಮಾನಗಳನ್ನು ಬದಲಿಸಿ. ದೊಡ್ಡ ಕಾಯಗಳ ನಡುವಿನ ದೂರ 1. ಎರಡರ ಒಟ್ಟು ದ್ರವ್ಯರಾಶಿ 1. ಒಂದು ಪೂರ್ತಿ ಸುತ್ತಿಗೆ 6.2832 ಕಾಲಮಾನ, ಅಂದರೆ ಎರಡು ಪೈ. ಹೀಗೆ ಮಾಡಿದರೆ ಗುರುತ್ವ ಸ್ಥಿರಾಂಕವೂ 1 ಆಗುತ್ತದೆ, ಸುತ್ತುವ ಕೋನವೇಗವೂ 1 ಆಗುತ್ತದೆ, ಇಡೀ ಸಮಸ್ಯೆಯಲ್ಲಿ ಉಳಿಯುವುದು ಒಂದೇ ಒಂದು ಸಂಖ್ಯೆ: ಒಟ್ಟು ದ್ರವ್ಯರಾಶಿಯಲ್ಲಿ ಚಿಕ್ಕ ಕಾಯದ ಪಾಲು. ಅದನ್ನು ಮ್ಯೂ ಎಂದು ಕರೆಯುವುದು ವಾಡಿಕೆ. ಭೂಮಿ ಚಂದ್ರನ 81.3 ಪಟ್ಟು ಇರುವುದರಿಂದ ಆ ಜೋಡಿಗೆ ಮ್ಯೂ = 1 ÷ 82.3 = 0.01215. ಸೂರ್ಯ–ಗುರು ಜೋಡಿಗೆ 0.000954. ಸೂರ್ಯ–ಭೂಮಿ ಜೋಡಿಗೆ, ಚಂದ್ರನನ್ನೂ ಭೂಮಿಯ ಜೊತೆ ಸೇರಿಸಿಕೊಂಡರೆ, 0.00000304.

ಈ ಮೂರು ಸಂಖ್ಯೆಗಳನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಿ. ಉಳಿದ ಲೆಕ್ಕವೆಲ್ಲ ಇವುಗಳಿಂದಲೇ ಹುಟ್ಟುತ್ತದೆ.

ಎರಡನೆಯ ಹೆಜ್ಜೆ: ಸುತ್ತುವ ಕಲ್ಲಿನ ಮೇಲೆ ಕುಳಿತುಕೊಳ್ಳಿ

ರಾಗಿ ಬೀಸುವ ಕಲ್ಲಿನ ಮೇಲೆ ಒಂದು ಇರುವೆ ಕುಳಿತಿದೆ ಎಂದುಕೊಳ್ಳಿ. ಕಲ್ಲು ಒಂದೇ ವೇಗದಲ್ಲಿ ತಿರುಗುತ್ತಿದೆ. ಇರುವೆಯ ಕಣ್ಣಿಗೆ ಕಲ್ಲಿನ ಗೂಟ ಸುತ್ತುವುದಿಲ್ಲ, ತನ್ನ ಪಕ್ಕದಲ್ಲೇ ನಿಂತಿದೆ; ತಿರುಗುತ್ತಿರುವುದು ಅಡುಗೆಮನೆ. ನಾವೂ ಹಾಗೆಯೇ ಎರಡು ದೊಡ್ಡ ಕಾಯಗಳ ಜೊತೆಗೇ ತಿರುಗುವ ಚೌಕಟ್ಟಿನಲ್ಲಿ ಕುಳಿತುಕೊಂಡರೆ ಅವೆರಡೂ ನಿಶ್ಚಲವಾಗಿ ಕಾಣುತ್ತವೆ. ದ್ರವ್ಯರಾಶಿ ಕೇಂದ್ರವನ್ನು ಸೊನ್ನೆಯಲ್ಲಿ ಇಟ್ಟರೆ ದೊಡ್ಡದು −ಮ್ಯೂ ಎಂಬಲ್ಲಿಯೂ ಚಿಕ್ಕದು 1 − ಮ್ಯೂ ಎಂಬಲ್ಲಿಯೂ ಕೂರುತ್ತವೆ.

ಈ ಅನುಕೂಲಕ್ಕೆ ಬೆಲೆ ತೆರಬೇಕು. ಇರುವೆಗೆ ಎರಡು ಹೊಸ ಬಲಗಳ ಅನುಭವವಾಗುತ್ತದೆ. ಒಂದು, ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲ. ನಮ್ಮ ಮಾನಗಳಲ್ಲಿ ಅದು ಕೇಂದ್ರದಿಂದ ಇರುವ ದೂರಕ್ಕೆ ನೇರವಾಗಿ ಸಮ. ಇನ್ನೊಂದು ಕೊರಿಯೊಲಿಸ್ ಬಲ. ಇರುವೆ ನಡೆದರೆ ಮಾತ್ರ ಹುಟ್ಟಿ, ನಡೆಯುವ ದಿಕ್ಕಿಗೆ ಲಂಬವಾಗಿ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ. ಅದರ ಪ್ರಮಾಣ ವೇಗದ ಎರಡು ಪಟ್ಟು. ಈ "ಎರಡು" ಎಂಬ ಅಂಕಿಯನ್ನು ನೆನಪಿಡಿ. ಮುಂದೆ ಅದೇ ಇಡೀ ಕಥೆಯನ್ನು ತಿರುಗಿಸಲಿದೆ.

ಸಮತೋಲನ ಬಿಂದು ಎಂದರೆ ಈ ಚೌಕಟ್ಟಿನಲ್ಲಿ ನಿಶ್ಚಲವಾಗಿ ಇಟ್ಟ ಕಾಯ ನಿಶ್ಚಲವಾಗಿಯೇ ಇರುವ ಜಾಗ. ಅಂಥವು ಐದು; ಅವೇ ಎಲ್1ರಿಂದ ಎಲ್5ರವರೆಗಿನ ಲಗ್ರಾಂಜ್ ಬಿಂದುಗಳು. ನಿಂತ ಕಾಯಕ್ಕೆ ಕೊರಿಯೊಲಿಸ್ ಬಲ ಇಲ್ಲ. ಉಳಿದ ಮೂರು, ಅಂದರೆ ದೊಡ್ಡದರ ಸೆಳೆತ, ಚಿಕ್ಕದರ ಸೆಳೆತ, ಕೇಂದ್ರಾಪಗಾಮಿ ಬಲ, ಸೇರಿ ಸೊನ್ನೆಯಾಗಬೇಕು. ಮೇಲಿನ ಪ್ರಶ್ನೆಗೆ ಉತ್ತರ ಇದೇ. ಸೂರ್ಯನಿಗೆ ಹತ್ತಿರ ಇರುವ ಕಾಯ ಭೂಮಿಗಿಂತ ಬೇಗ ಸುತ್ತು ಮುಗಿಸಬೇಕಿತ್ತು. ಎಲ್1ರಲ್ಲಿ ಭೂಮಿ ಹಿಂದಿನಿಂದ ಎಳೆದು ಸೂರ್ಯನ ಹಿಡಿತವನ್ನು ಒಂದಿಷ್ಟು ಸಡಿಲಿಸುತ್ತದೆ. ಸರಿಯಾಗಿ ಒಂದು ವರ್ಷಕ್ಕೆ ಒಂದು ಸುತ್ತು ಬರುವಷ್ಟು ಮಾತ್ರ.

ಮೂರನೆಯ ಹೆಜ್ಜೆ: ಎಲ್1 ಹುಡುಕಿ, ಕ್ಯಾಲ್ಕ್ಯುಲೇಟರಿನಲ್ಲಿ

ಭೂಮಿ–ಚಂದ್ರ ಜೋಡಿಯನ್ನೇ ತೆಗೆದುಕೊಳ್ಳೋಣ. ಚಂದ್ರನಿಂದ ಭೂಮಿಯ ಕಡೆಗೆ ಗ ಎಂಬ ದೂರದಲ್ಲಿ ಎಲ್1 ಇದೆ ಎಂದುಕೊಳ್ಳಿ. ಚಂದ್ರನ ಕಡೆಗೆ ತಳ್ಳುವ ಬಲವನ್ನು ಧನವಾಗಿ ಹಿಡಿದರೆ ಮೂರೂ ಬಲಗಳ ಮೊತ್ತ ಹೀಗಿದೆ:

(1 − ಮ್ಯೂ − ಗ) − (1 − ಮ್ಯೂ) ÷ (1 − ಗ)² + ಮ್ಯೂ ÷ ಗ²

ಮೊದಲನೆಯದು ಕೇಂದ್ರಾಪಗಾಮಿ, ಎರಡನೆಯದು ಭೂಮಿ, ಮೂರನೆಯದು ಚಂದ್ರ. ಇದನ್ನು ಸೊನ್ನೆ ಮಾಡುವ ಗ ಬೇಕು. ಛೇದಗಳನ್ನು ತೆಗೆದರೆ ಇದು ಐದನೆಯ ಘಾತದ ಸಮೀಕರಣವಾಗುತ್ತದೆ. ಸೂತ್ರ ಹುಡುಕಲು ಹೋಗಬೇಡಿ, ಊಹಿಸಿ ತಿದ್ದುವುದೇ ಸರಿಯಾದ ದಾರಿ. ಮೊದಲ ಊಹೆಗೆ ಒಂದು ಒಳ್ಳೆಯ ಉಪಾಯ ಇದೆ: ಮ್ಯೂವನ್ನು 3ರಿಂದ ಭಾಗಿಸಿ ಘನಮೂಲ ತೆಗೆಯಿರಿ. ಇಲ್ಲಿ 0.00405ರ ಘನಮೂಲ ಸುಮಾರು 0.16.

ಗ = 0.16 ಹಾಕಿ. 0.82785 − 1.40001 + 0.47461 = −0.09755. ಋಣ, ಅಂದರೆ ಭೂಮಿಯೇ ಗೆದ್ದಿದೆ. ಚಂದ್ರನಿಗೆ ಇನ್ನೂ ಹತ್ತಿರ ಹೋಗಬೇಕು. ಗ = 0.15 ಹಾಕಿ. 0.83785 − 1.36727 + 0.54000 = +0.01058. ಈಗ ಚಂದ್ರ ಗೆದ್ದಿದ್ದಾನೆ, ಆದರೆ ಸ್ವಲ್ಪದರಲ್ಲಿ. ಗ = 0.151 ಹಾಕಿ. 0.83685 − 1.37049 + 0.53287 = −0.00077. ಉತ್ತರ 0.150 ಮತ್ತು 0.151ರ ನಡುವೆ, 0.151ಕ್ಕೆ ತೀರ ಹತ್ತಿರ. ಎರಡು ಬೆಲೆಗಳ ನಡುವೆ ನೇರಗೆರೆ ಎಳೆದು ನೋಡಿದರೆ ಗ = 0.15093. ಅದನ್ನು 3,84,400 ಕಿಲೋಮೀಟರಿನಿಂದ ಗುಣಿಸಿದರೆ ಚಂದ್ರನಿಂದ ಸುಮಾರು 58,000 ಕಿಲೋಮೀಟರ್.

ಇಷ್ಟೇ. ಲಿಯೊನಾರ್ಡ್ ಆಯ್ಲರ್ 1767ರಲ್ಲಿ ತೋರಿಸಿದ ಒಂದೇ ಗೆರೆಯ ಸಮತೋಲನವನ್ನು ನೀವು ಐದು ನಿಮಿಷದಲ್ಲಿ ಪತ್ತೆ ಮಾಡಿದಿರಿ.

ಮುಂದಕ್ಕೆ ಹೋಗುವ ಮೊದಲು ಆ ಮೂರು ಉತ್ತರಗಳ ಚಿಹ್ನೆಗಳನ್ನು ಇನ್ನೊಮ್ಮೆ ನೋಡಿ. ಭೂಮಿಯ ಕಡೆಗೆ ಸ್ವಲ್ಪ ಸರಿದರೆ ಬಲವೂ ಭೂಮಿಯ ಕಡೆಗೇ. ಚಂದ್ರನ ಕಡೆಗೆ ಸರಿದರೆ ಬಲವೂ ಚಂದ್ರನ ಕಡೆಗೇ. ತಪ್ಪಿದವನನ್ನು ಇನ್ನಷ್ಟು ತಪ್ಪಿಸುವ ಜಾಗ ಇದು. ನಿಲ್ಲುವುದರ ಬಗ್ಗೆ ಮೊದಲ ಅನುಮಾನ ಹುಟ್ಟಬೇಕಾದದ್ದು ಇಲ್ಲಿಯೇ. ಆದರೆ ತೀರ್ಪು ಕೊಡಲು ಇನ್ನೂ ಕಾಲ ಬಂದಿಲ್ಲ, ಏಕೆಂದರೆ ಸರಿದ ಕಾಯ ಚಲಿಸುತ್ತಿರುತ್ತದೆ, ಚಲಿಸುವ ಕಾಯಕ್ಕೆ ಕೊರಿಯೊಲಿಸ್ ಬಲವೂ ಇರುತ್ತದೆ.

ನಾಲ್ಕನೆಯ ಹೆಜ್ಜೆ: ಉಳಿದ ನಾಲ್ಕು ಬಿಂದುಗಳು

ಎಲ್2 ಚಂದ್ರನ ಆಚೆಗಿದೆ. ಅಲ್ಲಿ ಎರಡೂ ಸೆಳೆತಗಳು ಒಳಮುಖ, ಆದ್ದರಿಂದ ಸಮೀಕರಣ (1 − ಮ್ಯೂ + ಗ) − (1 − ಮ್ಯೂ) ÷ (1 + ಗ)² − ಮ್ಯೂ ÷ ಗ² = 0. ಮೇಲಿನಂತೆಯೇ ತಿದ್ದುತ್ತ ಹೋದರೆ ಗ = 0.1678, ಅಂದರೆ ಚಂದ್ರನಿಂದ ಸುಮಾರು 64,500 ಕಿಲೋಮೀಟರ್ ಆಚೆ. ಚಂದ್ರನ ಬೆನ್ನ ಹಿಂದಿನ ಮುಖದೊಡನೆ ಮಾತಾಡಲು 2018ರಲ್ಲಿ ಚೀನಾ ಕಳಿಸಿದ ಚುಯೆಚಿಯಾವೊ ಉಪಗ್ರಹ ಸುತ್ತುವುದು ಈ ಬಿಂದುವಿನ ಸುತ್ತ.

ಎಲ್3 ಭೂಮಿಯ ಇನ್ನೊಂದು ಬದಿಯಲ್ಲಿ, ಚಂದ್ರನಿಗೆ ನೇರ ಎದುರು. ದೊಡ್ಡ ಕಾಯದಿಂದ ಅದರ ದೂರ ಸುಮಾರು 1 − (7 ÷ 12) × ಮ್ಯೂ. ಭೂಮಿ–ಚಂದ್ರ ಜೋಡಿಗೆ 3,81,700 ಕಿಲೋಮೀಟರ್ ಬರುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಉಪಯೋಗ ಕಡಿಮೆ.

ಎಲ್4, ಎಲ್5 ಮಾತ್ರ ನೋಡಲು ಚೆಂದ. ಇವಕ್ಕೆ ಲೆಕ್ಕವೇ ಬೇಡ. ಎರಡು ದೊಡ್ಡ ಕಾಯಗಳೊಂದಿಗೆ ಸಮಬಾಹು ತ್ರಿಕೋನ ರಚಿಸಿ. ಮೂರನೆಯ ಮೂಲೆಯೇ ಸಮತೋಲನ ಬಿಂದು. ಮ್ಯೂ ಎಷ್ಟೇ ಇರಲಿ. ಕಾರಣ ಹೀಗೆ: ಮೂರನೆಯ ಮೂಲೆಯಿಂದ ಎರಡೂ ಕಾಯಗಳು 1ರ ದೂರದಲ್ಲಿವೆ, ಹಾಗಾಗಿ ಅವುಗಳ ಸೆಳೆತ ಅವುಗಳ ದ್ರವ್ಯರಾಶಿಯ ಅನುಪಾತದಲ್ಲಿಯೇ ಇರುತ್ತದೆ. ಆ ಅನುಪಾತದಲ್ಲಿ ಕೂಡಿಸಿದ ಎರಡು ಬಲಗಳ ಮೊತ್ತ ತಪ್ಪದೆ ದ್ರವ್ಯರಾಶಿ ಕೇಂದ್ರದ ಕಡೆಗೇ ತೋರುತ್ತದೆ, ಅದರ ಪ್ರಮಾಣವೂ ಆ ಕೇಂದ್ರಕ್ಕಿರುವ ದೂರಕ್ಕೆ ಸಮ. ಕೇಂದ್ರಾಪಗಾಮಿ ಬಲವೂ ಅಷ್ಟೇ, ಅದೇ ಗೆರೆಯಲ್ಲಿ, ಎದುರು ದಿಕ್ಕಿಗೆ. ಜೋಸೆಫ್ ಲೂಯಿ ಲಗ್ರಾಂಜ್ 1772ರಲ್ಲಿ ಕಂಡದ್ದು ಇದನ್ನು. ಚಿಕ್ಕ ಕಾಯಕ್ಕಿಂತ ಕಕ್ಷೆಯಲ್ಲಿ 60 ಡಿಗ್ರಿ ಮುಂದಿರುವುದು ಎಲ್4, 60 ಡಿಗ್ರಿ ಹಿಂದಿರುವುದು ಎಲ್5.

ಐದನೆಯ ಹೆಜ್ಜೆ: ಅಲುಗಿಸಿ ನೋಡಿ

ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸುವ ಒಂದು ಕೋನ ಖಂಡಿತ ಇದೆ. ಆದರೂ ಯಾರೂ ಪೆನ್ಸಿಲನ್ನು ಹಾಗೆ ನಿಲ್ಲಿಸಿ ಮಲಗಲು ಹೋಗುವುದಿಲ್ಲ. ಸಮತೋಲನ ಒಂದು ಪ್ರಶ್ನೆ, ಸ್ಥಿರತೆ ಇನ್ನೊಂದು ಪ್ರಶ್ನೆ. ಎರಡನೆಯದಕ್ಕೆ ಉತ್ತರಿಸಲು ಕಾಯವನ್ನು ಬಿಂದುವಿನಿಂದ ಕೂದಲೆಳೆಯಷ್ಟು ಸರಿಸಿ ಏನಾಗುತ್ತದೆ ಎಂದು ಲೆಕ್ಕ ಹಾಕಬೇಕು.

ಸರಿಸಿದಾಗ ಎರಡು ದಿಕ್ಕುಗಳಲ್ಲಿ ಬಲ ಎಷ್ಟು ಬೇಗ ಬದಲಾಗುತ್ತದೆ ಎಂಬ ಮೂರು ಸಂಖ್ಯೆಗಳು ಬೇಕು. ಎರಡು ಕಾಯಗಳನ್ನು ಸೇರಿಸುವ ಗೆರೆಯ ಉದ್ದಕ್ಕೆ ಸರಿದಾಗ ಅದೇ ದಿಕ್ಕಿನಲ್ಲಿ ಹುಟ್ಟುವ ಬಲದ ದರ ಪ. ಅದಕ್ಕೆ ಅಡ್ಡಲಾಗಿ ಸರಿದಾಗ ಅಡ್ಡ ದಿಕ್ಕಿನಲ್ಲಿ ಹುಟ್ಟುವುದರ ದರ ಫ. ಒಂದು ದಿಕ್ಕಿಗೆ ಸರಿದಾಗ ಇನ್ನೊಂದರಲ್ಲಿ ಹುಟ್ಟುವುದರ ದರ ಬ. ಇವು ಕೈಯಲ್ಲಿದ್ದರೆ ಇಡೀ ಪರೀಕ್ಷೆ ಒಂದು ವರ್ಗ ಸಮೀಕರಣಕ್ಕೆ ಇಳಿಯುತ್ತದೆ:

ವ² + (4 − ಪ − ಫ) ವ + (ಪ × ಫ − ಬ²) = 0

ಇಲ್ಲಿ ವ ಎಂಬುದು ಬೆಳವಣಿಗೆಯ ದರದ ವರ್ಗ. ವ ಎರಡೂ ಬಾರಿ ಋಣವಾಗಿ ಬಂದರೆ ಕಾಯ ಬಿಂದುವಿನ ಸುತ್ತ ಉಯ್ಯಾಲೆಯಾಡುತ್ತದೆ. ಋಣ ಚಿಹ್ನೆ ತೆಗೆದು ವರ್ಗಮೂಲ ತೆಗೆದರೆ ಆ ಆಂದೋಲನದ ಕೋನವೇಗ. ಒಂದಾದರೂ ಧನವಾಗಿ ಬಂದರೆ ಅದರ ವರ್ಗಮೂಲದ ದರದಲ್ಲಿ ತಪ್ಪು ಬೆಳೆಯುತ್ತದೆ. ವರ್ಗಮೂಲದೊಳಗೆ ಋಣ ಸಂಖ್ಯೆ ಬಂದು ವ ಸಂಕೀರ್ಣ ಸಂಖ್ಯೆಯಾದರೆ ಕಾಯ ಸುರುಳಿ ಸುರುಳಿಯಾಗಿ ಹೊರಗೆ ಹೋಗುತ್ತದೆ.

ಸಮೀಕರಣದಲ್ಲಿ ಒಂಟಿಯಾಗಿ ನಿಂತಿರುವ ಆ 4 ಎಲ್ಲಿಂದ ಬಂತು? ಕೊರಿಯೊಲಿಸ್ ಬಲದ ಎರಡರ ವರ್ಗ ಅದು.

ಆರನೆಯ ಹೆಜ್ಜೆ: ಒಂದೇ ಗೆರೆಯ ಮೂರು ಬಿಂದುಗಳ ತೀರ್ಪು

ಎಲ್1, ಎಲ್2, ಎಲ್3 ಮೂರಕ್ಕೂ ಬೇಕಾಗುವುದು ಒಂದೇ ಸಂಖ್ಯೆ. ಅದನ್ನು ಸ ಎನ್ನೋಣ. ದೊಡ್ಡದರ ದ್ರವ್ಯರಾಶಿಯನ್ನು ಅದರಿಂದಿರುವ ದೂರದ ಘನದಿಂದ ಭಾಗಿಸಿ, ಚಿಕ್ಕದಕ್ಕೂ ಹಾಗೆಯೇ ಮಾಡಿ, ಎರಡನ್ನೂ ಕೂಡಿ. ಆಗ ಪ = 1 + 2ಸ, ಫ = 1 − ಸ, ಬ = 0. ಸಮೀಕರಣ:

ವ² + (2 − ಸ) ವ + (1 + 2ಸ)(1 − ಸ) = 0

ಮೂರೂ ಬಿಂದುಗಳಲ್ಲಿ ಸ ಯಾವಾಗಲೂ 1ಕ್ಕಿಂತ ಹೆಚ್ಚು. ಹಾಗಾಗಿ ಕೊನೆಯ ಪದ ಯಾವಾಗಲೂ ಋಣ. ಎರಡು ಉತ್ತರಗಳ ಗುಣಲಬ್ಧ ಋಣವಾದರೆ ಒಂದು ಧನವಾಗಿರಲೇಬೇಕು. ಬೇರೆ ಲೆಕ್ಕವೇ ಬೇಡ: ಈ ಮೂರು ಬಿಂದುಗಳು ಯಾವ ಜೋಡಿಗೂ, ಯಾವ ಮ್ಯೂವಿಗೂ ಸ್ಥಿರವಲ್ಲ. "ನೌಕೆ ಅಲ್ಲಿ ನಿಲ್ಲುತ್ತದೆ" ಎಂಬ ಎರಡನೆಯ ತಪ್ಪು ಇಲ್ಲಿ ಬಯಲಾಗುತ್ತದೆ. ಅಲ್ಲಿ ನೌಕೆ ತಾನಾಗಿ ನಿಲ್ಲುವುದಿಲ್ಲ, ನಾವು ನಿಲ್ಲಿಸಬೇಕು.

ಎಷ್ಟು ಬೇಗ ಜಾರುತ್ತದೆ ಎಂಬುದು ಮುಂದಿನ ಪ್ರಶ್ನೆ, ಅದು ಎಂಜಿನಿಯರುಗಳ ಪ್ರಶ್ನೆ. ಸೂರ್ಯ–ಭೂಮಿ ಎಲ್1ಕ್ಕೆ ಗ ಸುಮಾರು 0.01001, ಸ ಸುಮಾರು 4.061. (ಮ್ಯೂ ತೀರ ಚಿಕ್ಕದಾದಾಗ ಎಲ್1, ಎಲ್2 ಎರಡಕ್ಕೂ ಸ 4ರ ಆಸುಪಾಸಿನಲ್ಲಿ ಬರಬೇಕು, ಬರದಿದ್ದರೆ ಘನದ ಬದಲು ವರ್ಗದಿಂದ ಭಾಗಿಸಿದ್ದೀರಿ ಎಂದು ಅರ್ಥ. ಅತಿ ಹೆಚ್ಚು ಜನ ಎಡವುವುದು ಅಲ್ಲೇ.) ಸಮೀಕರಣ ಬಿಡಿಸಿದರೆ ವ = 6.414 ಮತ್ತು −4.353. ಮೊದಲನೆಯದರ ವರ್ಗಮೂಲ 2.533. ನಮ್ಮ ಒಂದು ಕಾಲಮಾನ ಎಂದರೆ 365.25 ÷ 6.2832 = 58.13 ದಿನ. 58.13ನ್ನು 2.533ರಿಂದ ಭಾಗಿಸಿದರೆ 23 ದಿನ. ಅಂದರೆ ಪ್ರತಿ 23 ದಿನಕ್ಕೆ ತಪ್ಪು 2.72 ಪಟ್ಟು (ಘಾತೀಯ ಬೆಳವಣಿಗೆಯ ಸ್ಥಿರಾಂಕ e) ಆಗುತ್ತದೆ. ಆರು ತಿಂಗಳು ಸುಮ್ಮನಿದ್ದರೆ 2,800 ಪಟ್ಟಿಗೂ ಹೆಚ್ಚು. ಒಂದು ಕಿಲೋಮೀಟರಿನ ತಪ್ಪು ಸಾವಿರಾರು ಕಿಲೋಮೀಟರ್.

ಕೇಳಿದರೆ ಗಾಬರಿಯಾಗುತ್ತದೆ, ಆದರೆ ಇದೇ ಒಳ್ಳೆಯ ಸುದ್ದಿಯೂ ಹೌದು. ಅಂಗೈ ಮೇಲೆ ನಿಲ್ಲಿಸಿದ ಕೋಲು ಉದ್ದವಿದ್ದಷ್ಟೂ ನಿಧಾನ ವಾಲುತ್ತದೆ, ಕೈ ಅಲ್ಲಾಡಿಸಿ ತಿದ್ದಲು ಸಮಯ ಸಿಗುತ್ತದೆ. 23 ದಿನ ಎಂದರೆ ಉದ್ದನೆಯ ಕೋಲು. ನೆಲದಿಂದ ಅಳೆದು, ಲೆಕ್ಕ ಮಾಡಿ, ಸಣ್ಣದೊಂದು ತಳ್ಳು ಕೊಡಲು ಧಾರಾಳ ಸಮಯ. ಆದಿತ್ಯ-ಎಲ್1ಕ್ಕೆ ಮೊದಲ ಸುತ್ತಿನಲ್ಲಿ ಬೇಕಾದದ್ದು 2024ರ ಫೆಬ್ರವರಿ 22, ಜೂನ್ 7 ಮತ್ತು ಜುಲೈ 2ರ ಮೂರು ತಿದ್ದುಪಡಿಗಳು. ಭೂಮಿ–ಚಂದ್ರ ಎಲ್1ಕ್ಕೆ ಇದೇ ಲೆಕ್ಕ ಮಾಡಿ ನೋಡಿ: ಸ = 5.148, ದರ 2.932, ಒಂದು ಕಾಲಮಾನ 4.35 ದಿನ, ಆದ್ದರಿಂದ ತಪ್ಪು 2.72 ಪಟ್ಟಾಗಲು ಒಂದೂವರೆ ದಿನ ಸಾಕು. ಅದು ಗಿಡ್ಡ ಕೋಲು. ಅದೇ ಜೋಡಿಯ ಎಲ್3ಕ್ಕೆ ಮಾಡಿದರೆ ಸುಮಾರು 24 ದಿನ ಬರುತ್ತದೆ.

ಈಗ ಇನ್ನೊಂದು ಉತ್ತರ, −4.353. ಇದು ಉಯ್ಯಾಲೆ. ವರ್ಗಮೂಲ 2.086, ಅವಧಿ 365.25 ÷ 2.086 = 175 ದಿನ. ಸಮತಲದಿಂದ ಮೇಲೆ ಕೆಳಗೆ ಆಡುವ ಚಲನೆಗೆ ಸೂತ್ರ ಇನ್ನೂ ಸರಳ: ಕೋನವೇಗ ಸ ಎಂಬುದರ ವರ್ಗಮೂಲ, ಅಂದರೆ 2.015, ಅವಧಿ 181 ದಿನ. ಎರಡು ಅವಧಿಗಳು ಎಷ್ಟು ಹತ್ತಿರ ಇವೆ ನೋಡಿ! ಕಕ್ಷೆಯನ್ನು ಸಾಕಷ್ಟು ದೊಡ್ಡದಾಗಿಸಿದರೆ ಈ ಎರಡೂ ಅವಧಿಗಳು ಒಂದಾಗಿ ಬೆಸೆದುಕೊಂಡು ಬಿಂದುವಿನ ಸುತ್ತ ಒಂದು ಮುಚ್ಚಿದ ಪಥ ಹುಟ್ಟುತ್ತದೆ. ಅದನ್ನು ಹ್ಯಾಲೊ ಕಕ್ಷೆ ಎನ್ನುತ್ತಾರೆ. 1978ರ ಆಗಸ್ಟಿನಲ್ಲಿ ಹಾರಿದ ಅಮೆರಿಕದ ಐಸೀ-3 ಅಂಥ ಕಕ್ಷೆ ಹಿಡಿದ ಮೊದಲ ನೌಕೆ. ಆದಿತ್ಯ ಜನವರಿ 6ರಂದು ಕಕ್ಷೆ ಸೇರಿ ಜುಲೈ 2ರಂದು ಮೊದಲ ಸುತ್ತು ಮುಗಿಸಿತು. ಬೆರಳು ಮಡಿಸಿ ಎಣಿಸಿ: 178 ದಿನ. 175 ಮತ್ತು 181ರ ನಟ್ಟ ನಡುವೆ. ಹಾಳೆಯ ಮೇಲೆ ಬಿಡಿಸಿದ ಒಂದು ವರ್ಗ ಸಮೀಕರಣ, ನಮ್ಮದೇ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಉಪಕರಣ ಹೊತ್ತ ನೌಕೆಯ ದಿನಚರಿಯನ್ನು ಹೇಳಿಬಿಡುತ್ತದೆ. ಈ ಸಂಖ್ಯೆಗಳು ಕೂಡಿಬಂದ ಸಂಜೆ ನನಗೆ ಆದ ಸಂತೋಷ ಇಂದಿಗೂ ಹಸಿರಾಗಿದೆ.

ನೌಕೆಯನ್ನು ಬಿಂದುವಿನಲ್ಲೇ ಇಡದೆ ಸುತ್ತಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ನಟ್ಟ ಎಲ್1ರಲ್ಲಿದ್ದರೆ ನಮ್ಮ ಕಡೆಯಿಂದ ನೋಡುವಾಗ ಅದರ ಬೆನ್ನ ಹಿಂದೆಯೇ ಸೂರ್ಯ. ದೂರದ ನೌಕೆಗಳೊಡನೆ ಮಾತಾಡುವ ಬ್ಯಾಲಾಳುವಿನ ಇಸ್ರೋ ಆಂಟೆನಾ ಅದರ ಕಡೆ ತಿರುಗಿದರೆ ನೌಕೆಯ ಕ್ಷೀಣ ದನಿ ಸೂರ್ಯನ ರೇಡಿಯೊ ಗದ್ದಲದಲ್ಲಿ ಮುಳುಗಿಹೋಗುತ್ತದೆ.

ಏಳನೆಯ ಹೆಜ್ಜೆ: ತ್ರಿಕೋನದ ಮೂಲೆಗಳ ತೀರ್ಪು

ಎಲ್4ರಲ್ಲಿ ಪ = 3/4, ಫ = 9/4, ಬ = (3√3 ÷ 4)(1 − 2ಮ್ಯೂ). ಪ ಮತ್ತು ಫ ಎರಡೂ ಧನ ಎಂಬುದನ್ನು ಗಮನಿಸಿ. ಯಾವ ಕಡೆ ಸರಿದರೂ ಬಲ ಹೊರಕ್ಕೇ ತಳ್ಳುತ್ತದೆ. ಬಲಗಳ ನಕ್ಷೆ ಬರೆದರೆ ಎಲ್4 ಒಂದು ಗುಡ್ಡದ ನೆತ್ತಿ. ಎಲ್1 ಕುದುರೆಯ ಜೀನಿನಂತೆ ಒಂದು ಕಡೆಗೆ ತಗ್ಗು, ಇನ್ನೊಂದು ಕಡೆಗೆ ಏರು. ನಕ್ಷೆ ಮಾತ್ರ ನೋಡಿದವರು ಎಲ್4 ಎಲ್1ಕ್ಕಿಂತಲೂ ಕೆಟ್ಟದ್ದು ಎಂದೇ ಹೇಳುತ್ತಾರೆ.

ಕೂಡಿಸಿ ಬರೆದಾಗ 4 − 3 = 1, ಮತ್ತು ಕೊನೆಯ ಪದ (27 ÷ 4) × ಮ್ಯೂ × (1 − ಮ್ಯೂ). ಭೂಮಿ–ಚಂದ್ರ ಜೋಡಿಗೆ ಅದು 0.081:

ವ² + ವ + 0.081 = 0

ಉತ್ತರ −0.089 ಮತ್ತು −0.911. ಎರಡೂ ಋಣ. ಸ್ಥಿರ!

ಒಮ್ಮೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ಇಲ್ಲಿ ಎರಡೂ ಉತ್ತರ ಧನವಾಗಿ ಬಂದವು. ಅವಳ ಪುಸ್ತಕ ತೆಗೆದು ನೋಡಿದೆ. ಎಲ್ಲವೂ ಸರಿ ಇತ್ತು, ಆ 4 ಮಾತ್ರ ಬಿಟ್ಟುಹೋಗಿತ್ತು. ಅವಳ ಸಮೀಕರಣ ವ² − 3ವ + 0.081 = 0 ಆಗಿತ್ತು; ಉತ್ತರ 2.973 ಮತ್ತು 0.027. ಅದನ್ನು ಅಳಿಸಬೇಡ ಎಂದು ಹೇಳಿ ಎರಡನ್ನೂ ಅಕ್ಕಪಕ್ಕ ಬರೆಸಿದೆ. ಕೊರಿಯೊಲಿಸ್ ಬಲ ಇಲ್ಲದ ಲೋಕದಲ್ಲಿ ಎಲ್4ರ ಕಲ್ಲು ಗುಡ್ಡದಿಂದ ಉರುಳಿಹೋಗುತ್ತದೆ. ಇರುವ ಲೋಕದಲ್ಲಿ ಉಳಿಯುತ್ತದೆ. ಉರುಳಲು ಶುರುವಾದ ಕಲ್ಲು ವೇಗ ಪಡೆದಷ್ಟೂ ಕೊರಿಯೊಲಿಸ್ ಬಲ ಅದನ್ನು ಪಕ್ಕಕ್ಕೆ ತಿರುಗಿಸುತ್ತ, ಇಳಿಜಾರಿನಲ್ಲೇ ನೆತ್ತಿಯ ಸುತ್ತ ಸುತ್ತಿಸಿ ಬಿಡುತ್ತದೆ. ಬುಗುರಿ ತಿರುಗುವವರೆಗೆ ಮೊನೆಯ ಮೇಲೆ ನಿಲ್ಲುತ್ತದಲ್ಲ, ಅದೇ ಜಾತಿಯ ಸ್ಥಿರತೆ ಇದು. ನೀವೂ ಒಮ್ಮೆ 4 ಬಿಟ್ಟು, ಒಮ್ಮೆ ಸೇರಿಸಿ ಲೆಕ್ಕ ಮಾಡಿ. ಇಡೀ ವಿಷಯದ ಜೀವ ಆ ಎರಡು ಸಾಲುಗಳ ನಡುವೆ ಇದೆ.

ಆದರೆ ಈ ರಕ್ಷಣೆಗೆ ಮಿತಿ ಇದೆ. ವರ್ಗ ಸಮೀಕರಣದ ವರ್ಗಮೂಲದೊಳಗೆ ಇರುವುದು 1 − 27 × ಮ್ಯೂ × (1 − ಮ್ಯೂ). ಅದು ಋಣವಾಗಬಾರದು. ಲೆಕ್ಕ ಮಾಡಿದರೆ ಮ್ಯೂ 0.0385ಕ್ಕಿಂತ ಕಡಿಮೆ ಇರಬೇಕು, ಅಂದರೆ ದೊಡ್ಡ ಕಾಯ ಚಿಕ್ಕದರ ಸುಮಾರು 25 ಪಟ್ಟಾದರೂ ತೂಗಬೇಕು. ಈ ಷರತ್ತಿನ ಮೂಲ ರೂಪವನ್ನು 1843ರಲ್ಲಿ ಫ್ರೆಂಚ್ ಗಣಿತಜ್ಞ ಗಾಶೊ ಕೊಟ್ಟರು. ಇಂಗ್ಲಿಷ್ ಗಣಿತಜ್ಞ ರೌತ್ ಅವರ ಹೆಸರೂ ಇದಕ್ಕೆ ಅಂಟಿಕೊಂಡಿದೆ. ಭೂಮಿ–ಚಂದ್ರ ತೇರ್ಗಡೆ, ಸೂರ್ಯ–ಗುರು ಸಲೀಸಾಗಿ ತೇರ್ಗಡೆ. ಪ್ಲೂಟೊ ಮತ್ತು ಅದರ ಉಪಗ್ರಹ ಕೆರಾನ್ ಜೋಡಿಗೆ ಮ್ಯೂ ಸುಮಾರು 0.11, ಅನುತ್ತೀರ್ಣ.

ಆಕಾಶ ಈ ಲೆಕ್ಕವನ್ನು ಒಪ್ಪುತ್ತದೆಯೇ? ಲಗ್ರಾಂಜ್ ಬರೆದ 134 ವರ್ಷಗಳ ನಂತರ, 1906ರ ಫೆಬ್ರವರಿಯಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮ್ಯಾಕ್ಸ್ ವುಲ್ಫ್ ಒಂದು ಕ್ಷುದ್ರಗ್ರಹ ಕಂಡುಹಿಡಿದರು. ಅದು ಗುರುವಿನ ಕಕ್ಷೆಯಲ್ಲೇ, ಗುರುವಿಗಿಂತ ಸುಮಾರು 60 ಡಿಗ್ರಿ ಮುಂದೆ ಇತ್ತು. ಅದಕ್ಕೆ ಅಕಿಲಿಸ್ ಎಂದು ಹೆಸರಾಯಿತು. ಇಂದು ಗುರುವಿನ ಎಲ್4, ಎಲ್5ಗಳ ಸುತ್ತ ಟ್ರೋಜನ್ ಎಂದು ಕರೆಯುವ ಇಂಥ ಕ್ಷುದ್ರಗ್ರಹಗಳು ಹತ್ತು ಸಾವಿರಕ್ಕೂ ಹೆಚ್ಚು ಗೊತ್ತಿವೆ. ಅವುಗಳನ್ನು ಕಾಣಲೆಂದೇ 2021ರ ಅಕ್ಟೋಬರಿನಲ್ಲಿ ಅಮೆರಿಕದ ಲೂಸಿ ನೌಕೆ ಹೊರಟಿದೆ. ಶನಿಯ ಉಪಗ್ರಹ ಟೆಥಿಸ್‌ನ ಮುಂದೆ ಹಿಂದೆ ಟೆಲೆಸ್ಟೊ, ಕ್ಯಾಲಿಪ್ಸೊ ಎಂಬ ಎರಡು ಪುಟ್ಟ ಉಪಗ್ರಹಗಳು ಇದೇ ರೀತಿ ಸಾಗುತ್ತಿವೆ. ಸೂರ್ಯ–ಗುರು ಜೋಡಿಯ ನಿಧಾನ ಉಯ್ಯಾಲೆಯ ಅವಧಿಯನ್ನು ನೀವೇ ತೆಗೆಯಿರಿ: 0.000954 ಹಾಕಿದರೆ ವ = −0.00648, ಕೋನವೇಗ 0.0805, ಗುರುವಿನ 11.86 ವರ್ಷವನ್ನು ಅದರಿಂದ ಭಾಗಿಸಿದರೆ 147 ವರ್ಷ.

ಎಂಟನೆಯ ಹೆಜ್ಜೆ: ಲೆಕ್ಕ ಎಲ್ಲಿಯವರೆಗೆ ನಂಬಬಹುದು

ಕೂದಲೆಳೆಯಷ್ಟು ಸರಿಸಿದಾಗಿನ ಲೆಕ್ಕ ಇದು. ಎಲ್1, ಎಲ್2, ಎಲ್3ಕ್ಕೆ ತೀರ್ಪು ಕೊನೆಯದು. ಅಸ್ಥಿರ ಎಂದರೆ ಅಸ್ಥಿರವೇ. ಎಲ್4ಕ್ಕೆ ಮಾತ್ರ ಹಾಗಲ್ಲ. ಉಯ್ಯಾಲೆ ಎಂದು ಕಂಡದ್ದು ಲೆಕ್ಕದಲ್ಲಿ ಕೈಬಿಟ್ಟ ಸಣ್ಣ ಸಣ್ಣ ಪದಗಳ ಕಾರಣದಿಂದ ನಿಧಾನವಾಗಿ ದೊಡ್ಡದಾಗಲೂಬಹುದು. ಅದನ್ನು ಪರಿಹರಿಸಲು ಗಣಿತಜ್ಞರು 1960ರ ದಶಕದವರೆಗೆ ಕಾಯಬೇಕಾಯಿತು. ಸಮತಲದ ಸಮಸ್ಯೆಯಲ್ಲಿ ಉತ್ತರ ಹೀಗಿದೆ: 0.0385ರ ಒಳಗೆ ಎಲ್ಲ ಮ್ಯೂಗಳಿಗೂ ಎಲ್4 ನಿಜವಾಗಿಯೂ ಸ್ಥಿರ, ಎರಡು ಬೆಲೆಗಳನ್ನು ಬಿಟ್ಟು. ಅವು 0.02429 ಮತ್ತು 0.01352. ಆ ಎರಡು ಕಡೆ ವೇಗದ ಉಯ್ಯಾಲೆಯ ಕೋನವೇಗ ನಿಧಾನದ್ದರ ಸರಿಯಾಗಿ ಎರಡು ಪಟ್ಟು, ಮೂರು ಪಟ್ಟು ಆಗಿ, ಒಂದು ಇನ್ನೊಂದನ್ನು ತಾಳ ಹಿಡಿದು ತಳ್ಳುತ್ತದೆ.

ನಿಜವಾದ ಭೂಮಿ–ಚಂದ್ರ ಎಲ್4ರಲ್ಲಿ ಇನ್ನೊಂದು ತೊಡಕಿದೆ. ನಾವು ಸಮಸ್ಯೆ ಕಟ್ಟಿಕೊಂಡಾಗ ಸೂರ್ಯನನ್ನು ಹೊರಗಿಟ್ಟೆವು. ಸೂರ್ಯ ಹೊರಗಿರಲು ಒಪ್ಪುವುದಿಲ್ಲ. ಅವನ ಸೆಳೆತದಿಂದ ಅಲ್ಲಿಟ್ಟ ಕಾಯ ದೊಡ್ಡ ದೊಡ್ಡ ಸುತ್ತುಗಳನ್ನು ಹಾಕುತ್ತದೆ. ಹಾಳೆಯ ಮೇಲಿನ "ಸ್ಥಿರ" ಎಂಬ ಪದವನ್ನು ಅಲ್ಲಿಗೆ ನೇರವಾಗಿ ಒಯ್ಯಬೇಡಿ.

ಕೊನೆಯ ಹೆಜ್ಜೆ: ಕಂಪ್ಯೂಟರಿನಲ್ಲಿ ಕಣ್ಣಾರೆ ನೋಡಿ

ಗೆರೆಯ ಉದ್ದಕ್ಕೆ ಕಾಯದ ಸ್ಥಾನ ಅ, ಅಡ್ಡಕ್ಕೆ ಉ. ದೊಡ್ಡದರಿಂದ ದೂರ ದ, ಚಿಕ್ಕದರಿಂದ ದೂರ ಧ ಆಗಿರಲಿ. ವೇಗೋತ್ಕರ್ಷಗಳು ಹೀಗೆ:

ಅ ದಿಕ್ಕಿನಲ್ಲಿ: 2 × (ಉ ವೇಗ) + ಅ − (1 − ಮ್ಯೂ)(ಅ + ಮ್ಯೂ) ÷ ದ³ − ಮ್ಯೂ(ಅ − 1 + ಮ್ಯೂ) ÷ ಧ³

ಉ ದಿಕ್ಕಿನಲ್ಲಿ: −2 × (ಅ ವೇಗ) + ಉ − (1 − ಮ್ಯೂ) ಉ ÷ ದ³ − ಮ್ಯೂ ಉ ÷ ಧ³

ಪೈಥಾನ್ ಬಲ್ಲವರಿಗೆ ಇಪ್ಪತ್ತು ಸಾಲಿನ ಕೆಲಸ. ಚಲನೆಯನ್ನು ಕಾಲದ ಸಣ್ಣ ಹೆಜ್ಜೆಗಳಲ್ಲಿ ಲೆಕ್ಕ ಹಾಕುವ ನಾಲ್ಕನೆಯ ದರ್ಜೆಯ ರುಂಗೆ–ಕುಟ್ಟಾ ವಿಧಾನ ಬಳಸಿ, ಕಾಲದ ಹೆಜ್ಜೆ 0.01 ಇರಲಿ. ಸ್ಥಾನಕ್ಕೆ ವೇಗವನ್ನೂ ವೇಗಕ್ಕೆ ವೇಗೋತ್ಕರ್ಷವನ್ನೂ ಸುಮ್ಮನೆ ಕೂಡಿಸುತ್ತ ಹೋಗುವ ಆಯ್ಲರ್ ವಿಧಾನವನ್ನು ಇಲ್ಲಿ ಬಳಸಲೇಬೇಡಿ. ಅದು ಪ್ರತಿ ಹೆಜ್ಜೆಯಲ್ಲೂ ಉಯ್ಯಾಲೆಯನ್ನು ತುಸು ತುಸುವೇ ಹಿಗ್ಗಿಸುತ್ತದೆ, ಸ್ಥಿರವಾದ ಎಲ್4 ಕೂಡ ಅಸ್ಥಿರವಾಗಿ ಕಾಣುತ್ತದೆ. ಲೆಕ್ಕ ಮಾಡುವ ವಿಧಾನದ ದೋಷವನ್ನು ಆಕಾಶದ ಮೇಲೆ ಹೊರಿಸಿದಂತೆ ಆಗುತ್ತದೆ.

ಮ್ಯೂ = 0.01215 ಇಟ್ಟು, ಕಾಯವನ್ನು ಅ = 0.48785, ಉ = 0.86603 ಎಂಬ ಎಲ್4ರಿಂದ 0.001ರಷ್ಟು ಸರಿಸಿ, ವೇಗ ಸೊನ್ನೆ ಕೊಟ್ಟು ಬಿಡಿ. ಐವತ್ತು ಸುತ್ತು ಓಡಿಸಿ. ತೆರೆಯ ಮೇಲೆ ಉದ್ದನೆಯ ಒಂದು ಅಂಡಾಕಾರದ ಪಥ, ಅದರ ಮೇಲೆ ಸಣ್ಣ ಸಣ್ಣ ಕುಣಿಕೆಗಳು ಮೂಡುತ್ತವೆ. ಸಣ್ಣ ಕುಣಿಕೆಗಳ ಅವಧಿ ಅಳೆಯಿರಿ: 28.6 ದಿನ. ದೊಡ್ಡ ಅಂಡಾಕಾರದ್ದು: ಸುಮಾರು 92 ದಿನ. ಏಳನೆಯ ಹೆಜ್ಜೆಯ −0.911 ಮತ್ತು −0.089 ಇವೇ.

ಈಗ ಮ್ಯೂವನ್ನು ಮಾತ್ರ 0.04ಕ್ಕೆ ಬದಲಿಸಿ, ಎಲ್4ರ ಅ ಬೆಲೆಯನ್ನು 0.46ಕ್ಕೆ ತಿದ್ದಲು ಮರೆಯಬೇಡಿ. ಮಿತಿಯನ್ನು ದಾಟಿದ್ದು ಕೂದಲಿನಷ್ಟು. ಮೊದಲ ಎರಡು ಮೂರು ಸುತ್ತು ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆಮೇಲೆ ಸುರುಳಿ ಬಿಚ್ಚತೊಡಗುತ್ತದೆ, ಪ್ರತಿ ಬಾರಿ ಎರಡೂವರೆ ಸುತ್ತು ತುಂಬುವ ಮೊದಲೇ 2.72 ಪಟ್ಟು ಬೆಳೆಯುತ್ತದೆ. ಹತ್ತನೆಯ ಸುತ್ತಿನ ಹೊತ್ತಿಗೆ ಕಾಯ ಹೊರಟ ದೂರದ ಸುಮಾರು ಎಪ್ಪತ್ತು ಪಟ್ಟು ಆಚೆ ಇರುತ್ತದೆ.